ಬಿಸಿಲಿಗೆ ಏರುವ ಹಳ್ಳ

ಗೋಕಾಕದ್ದೊಂದು, ಮೂಡಲಗಿಯದೊಂದು, ಹುಕ್ಕೇರಿಯದೊಂದು. ಮೂರು ಜೀಪು, ಹನ್ನೊಂದು ಮಂದಿ, ಹಿಮಾಚಲದ ಸ್ಪಿತಿ.

4,551 ಮೀಟರಿನ ಕುಂಜುಮ್ ಘಾಟು ಇಳಿಯುವಾಗ ಫೋರ್ ಬೈ ಫೋರ್ ಲೋ, ಒಂದನೇ ಗೇರು. "ಬ್ರೇಕ್ ಒತ್ತಬ್ಯಾಡೋ ತಮ್ಮಾ, ಎಂಜಿನ್ನೇ ಹಿಡಿತೈತಿ" ಅಂತ ಹಿಂದಿನ ಸೀಟಿನಿಂದ ಅಣ್ಣ ಹೇಳುತ್ತಲೇ ಇದ್ದ.

ಚಂದ್ರತಾಲ್ ಸರೋವರ 2005ರಿಂದ ರಾಮ್ಸಾರ್ ಪಟ್ಟಿಯ ಜೌಗುತಾಣ. ದಂಡೆಯ ಮೇಲೆ ಡೇರೆ ಹಾಕಲು ಬಿಡುವುದಿಲ್ಲ, ಬಿಡಲೂ ಬಾರದು. ದೂರದಲ್ಲೇ ಉಳಿದೆವು. ಆ ಎತ್ತರದಲ್ಲಿ ನೀರು 86 ಡಿಗ್ರಿಯ ಸುಮಾರಿಗೇ ಕುದಿಯುತ್ತದೆ. ಬರೀ ಪಾತ್ರೆಯಲ್ಲಿಟ್ಟ ಅನ್ನ ಬೇಯಲೇ ಇಲ್ಲ. ಅವ್ವ ಕಟ್ಟಿಕೊಟ್ಟ ಕಟಕ್ ರೊಟ್ಟಿ, ಶೇಂಗಾ ಚಟ್ನಿ, ಮೇಲೊಂದು ತುಂಡು ಕರದಂಟು. ಆ ಥಂಡಿಯಲ್ಲಿ ಅಂಟು, ಬೆಲ್ಲ, ಕೊಬ್ಬರಿಯ ಬೆಲೆ ತಿಳಿಯಿತು.

ಮರುದಿನ ನಸುಕಿನಲ್ಲೇ ಎಬ್ಬಿಸಿದರು. ಬಾತಲ್ ದಾಟಿದ ಮೇಲಿನ ಹಳ್ಳಗಳನ್ನು ಬೆಳಿಗ್ಗೆಯೇ ದಾಟಬೇಕಂತೆ. ಮಧ್ಯಾಹ್ನದ ಹೊತ್ತಿಗೆ ಹಿಮ ಕರಗಿ ನೀರು ಏರುತ್ತದೆ. ನಮ್ಮ ಘಟಪ್ರಭೆ ಏರುವುದು ಮಳೆಗೆ. ಬಿಸಿಲಿಗೆ ಏರುವ ನೀರನ್ನು ನಾನು ಕಂಡದ್ದು ಅಲ್ಲೇ ಮೊದಲು.

ಊರಿಗೆ ಮರಳಿದ ಮೇಲೆ ಜೂನ್ ಬಂತು, ಮಳೆಗಾಲ. ಗೋಕಾಕ ಫಾಲ್ಸಿನ ತೂಗುಸೇತುವೆಯ ಹತ್ತಿರ ನಿಂತಾಗಲೆಲ್ಲ ಆ ಹಳ್ಳ ನೆನಪಾಗುತ್ತಿದೆ.