ಬಿಚ್ಚದ ಬಿರಡೆ

ಮೋಟಾರು ಕಾರಿನ ಎಂಜಿನ್ನಿನ ತಳದಲ್ಲಿ ಎಣ್ಣೆಯ ತೊಟ್ಟಿಯೊಂದಿರುತ್ತದೆ. ಗ್ಯಾರೇಜಿನವರು ಅದನ್ನು ಸಂಪ್ ಎನ್ನುವರು. ಹಳೆಯ ಎಣ್ಣೆಯನ್ನು ಹೊರಬಿಡಲು ಆ ತೊಟ್ಟಿಗೆ ಒಂದು ಬಿರಡೆ. ಡ್ರೇನ್ ಪ್ಲಗ್ ಎಂದು ಕರೆಯಲಾಗುವ ಈ ಹೆಬ್ಬೆರಳಿನಷ್ಟು ಉಕ್ಕಿನ ತುಂಡು ನಮ್ಮ ಮನೆಯ ನೆಮ್ಮದಿಯನ್ನು ವಾರವೊಂದರ ಮಟ್ಟಿಗೆ ಕದಡಿತೆಂದರೆ ಓದುಗರು ನಕ್ಕಾರು.

ನಮ್ಮ ತಂದೆಯವರು 1982ರಲ್ಲಿ ಕೊಂಡ ಅಂಬಾಸಿಡರ್ ಕಾರು ಇಂದಿಗೂ ಖಾನಾಪುರದ ಮನೆಯ ಹಂಚಿನ ಮಾಡಿನಡಿ ನಿಂತಿದೆ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚಿನಿಂದ ಬಂದ ಈ ವಾಹನದ ತಯಾರಿಕೆ ಉತ್ತರಪಾರಾದ ಕಾರ್ಖಾನೆಯಲ್ಲಿ 2014ರಲ್ಲಿ ನಿಂತುಹೋಯಿತು. ತಂದೆಯವರು ತೀರಿಕೊಂಡ ಬಳಿಕ ಅದನ್ನು ಭಂಗಾರಕ್ಕೆ ಹಾಕಿಬಿಡುವುದೆಂದು ಪುಣೆಯಲ್ಲಿರುವ ಅಣ್ಣನವರ ಅಭಿಪ್ರಾಯ; ತಾಯಿಯವರು ಒಪ್ಪಲಿಲ್ಲ. ಖಾಸಗಿ ಕಾರಿಗೆ ಹದಿನೈದು ವರ್ಷ ತುಂಬಿದ ಮೇಲೆ ಐದು ವರ್ಷಕ್ಕೊಮ್ಮೆ ತಪಾಸಣೆಗೊಳಪಡಿಸಿ ನೋಂದಣಿ ನವೀಕರಿಸಬೇಕಷ್ಟೆ. ಆ ಅವಧಿ ಸಮೀಪಿಸಿತ್ತು. ಎಂಜಿನ್ ಕೈಕೊಟ್ಟರೆ ಅಣ್ಣನವರ ಮಾತೇ ನಡೆಯುವುದೆಂಬುದು ಮನೆಯಲ್ಲಿ ಎಲ್ಲರಿಗೂ ತಿಳಿದಿತ್ತು. ಎಣ್ಣೆ ಬದಲಿಸಲು ಹೋದಾಗಲೇ ಬಿರಡೆ ಜಪ್ಪಯ್ಯ ಎನ್ನದೆ ಕುಳಿತದ್ದು.

ಹಿಂದೊಮ್ಮೆ ಎಲ್ಲಿಯೋ ಎಣ್ಣೆ ಬದಲಿಸಿದವರು ಹಳೆಯ ತಾಮ್ರದ ವಾಷರನ್ನೇ ಮರಳಿ ಹಾಕಿದ್ದರು. ತಾಮ್ರವು ಒಮ್ಮೆ ಒತ್ತಡಕ್ಕೆ ಸಿಕ್ಕರೆ ಗಡಸಾಗುತ್ತದೆ, ಎರಡನೆಯ ಬಾರಿ ಸರಿಯಾಗಿ ಕೂಡುವುದಿಲ್ಲ, ಎಣ್ಣೆ ಜಿನುಗುತ್ತದೆ. ಜಿನುಗುವುದನ್ನು ನಿಲ್ಲಿಸಲು ಇನ್ನಷ್ಟು ಬಿಗಿ, ಮತ್ತಷ್ಟು ಬಿಗಿ. ಅದರ ಮೇಲೆ ಖಾನಾಪುರದ ಮಳೆಗಾಲ! ಘಟ್ಟದ ಅಂಚಿನ ನಮ್ಮ ತಾಲೂಕಿನ ತೇವದಲ್ಲಿ ಉಕ್ಕು ತುಕ್ಕು ಹಿಡಿಯದಿದ್ದರೆ ಅಚ್ಚರಿ. ಸಾಲದ್ದಕ್ಕೆ ಇಂಚಿನ ಅಳತೆಯ ಈ ಬೋಲ್ಟಿಗೆ ಯಾರೋ ಮಿಲಿಮೀಟರ್ ಅಳತೆಯ ಪಾನಾ ಹಾಕಿ ತಿರುವಿ, ಅದರ ಆರು ಮೂಲೆಗಳನ್ನೂ ಸವೆಸಿಟ್ಟಿದ್ದರು.

ಸುಮಾರು 25 ಕಿಲೋಮೀಟರ್ ದೂರದ ಬೆಳಗಾವಿಗೆ ಕಾರನ್ನು ನಿಧಾನವಾಗಿ ನಡೆಸಿಕೊಂಡು ಹೋದೆವು. ಆಟೋ ನಗರದಲ್ಲಿ ಹಳೆಯ ಗಾಡಿಗಳನ್ನು ಬಲ್ಲ ವೃದ್ಧ ಮೇಸ್ತ್ರಿಯೊಬ್ಬರಿದ್ದಾರೆ. ಸುತ್ತಲೂ ಲಾರಿಗಳ ಗದ್ದಲ, ಗ್ರೈಂಡರಿನ ಕಿಡಿ, ಗ್ರೀಸಿನ ವಾಸನೆ. ಅವರು ಗುಂಡಿಗಿಳಿದು ಬ್ಯಾಟರಿ ಬೆಳಕಿನಲ್ಲಿ ಬಿರಡೆಯನ್ನು ಬಹಳ ಹೊತ್ತು ನೋಡಿದರು. ಹುಡುಗನೊಬ್ಬ ಪೈಪ್ ಪಾನಾ ಹಿಡಿದು ಬರಲು, ಕೈಯಿಂದಲೇ ತಡೆದರು.

“ಜೋರ್ ಮಾಡಿದ್ರ ಪ್ಲಗ್ ಬರೂದಿಲ್ರಿ, ತೊಟ್ಟಿ ಆಟಿ ಕಿತ್ತ ಬರತೈತಿ. ಇವತ್ತ ಎಣ್ಣಿ ಕುಡೀಲಿ. ನಾಳೆ ಬರ್ರಿ ಸಾವ್ಕಾರ.”

ತಂತಿಯ ಬ್ರಷ್ಷಿನಿಂದ ತುಕ್ಕು, ಮಣ್ಣು ಉಜ್ಜಿ ತೆಗೆದು, ತುಕ್ಕು ಬಿಡಿಸುವ ತೆಳು ಎಣ್ಣೆಯನ್ನು ಬಿರಡೆಯ ಸುತ್ತ ಸಿಂಪಡಿಸಿ, ಸಣ್ಣ ಸುತ್ತಿಗೆಯಿಂದ ತಲೆಯ ಮೇಲೆ ಮೆಲ್ಲಗೆ ತಟ್ಟಿದರು. ಆ ಕಂಪನದಿಂದ ಎಣ್ಣೆ ಆಟೆಗಳೊಳಗೆ ಇಳಿಯುವುದಂತೆ. ಬೆಸುಗೆ ಹಾಕಿ ಬೇರೊಂದು ನಟ್ಟು ಕೂಡಿಸಿದರೆ ಬೇಗ ಆಗದೇ ಎಂದು ಕೇಳಿದೆವು. ಎಣ್ಣೆಯೂ ಅದರ ಆವಿಯೂ ತುಂಬಿದ ತೊಟ್ಟಿಗೆ ಬೆಂಕಿ ತೋರಿಸುವವನು ತಮ್ಮ ಗ್ಯಾರೇಜಿನಲ್ಲಿಲ್ಲವೆಂದರು. ಹಾಗೂ ಬಾರದಿದ್ದರೆ? ಎಣ್ಣೆ ಅಳೆಯುವ ಕಡ್ಡಿಯ ರಂಧ್ರದಿಂದ ಕೈಪಂಪಿನಲ್ಲಿ ಹಳೆಯ ಎಣ್ಣೆ ಹೀರಿ, ತೊಟ್ಟಿಯನ್ನೇ ಕಳಚುವುದು. ನಾವು ಬಸ್ಸು ಹತ್ತಿ ಖಾನಾಪುರಕ್ಕೆ ಮರಳಿದೆವು. ತಾಯಿಯವರಿಗೆ ಏನು ಹೇಳುವುದೆಂಬುದೇ ದಾರಿಯುದ್ದಕ್ಕೂ ಚಿಂತೆ.

ಮರುದಿನ ಎಂಜಿನ್ನನ್ನು ಕೊಂಚ ಹೊತ್ತು ಓಡಿಸಿ ಬೆಚ್ಚಗೆ ಮಾಡಿದರು. ಕುದಿಯುವಷ್ಟಲ್ಲ, ಬಿಸಿ ಎಣ್ಣೆ ಕೈಮೇಲೆ ಬಿದ್ದರೆ ಚರ್ಮ ಉಳಿಯದು. ಸವೆದ ತಲೆಯನ್ನು ಅರದಿಂದ ಉಜ್ಜಿ, ಒಂದು ಅಳತೆ ಚಿಕ್ಕದಾದ ಆರು ಮೂಲೆಯ ಸಾಕೆಟ್ಟನ್ನು ಸುತ್ತಿಗೆಯಿಂದ ಬಡಿದು ಬಿಗಿಯಾಗಿ ಕೂಡಿಸಿದರು. ಹನ್ನೆರಡು ಮೂಲೆಯದಾದರೆ ಜಾರುತ್ತದಂತೆ. ಬಳಿಕ ಅವರು ಮಾಡಿದ್ದು ನಮಗೆ ಹೊಸದು: ಬಿಚ್ಚುವ ಬದಲು ಮೊದಲು ಕೂದಲೆಳೆಯಷ್ಟು ಬಿಗಿಯುವ ಕಡೆಗೇ ಒತ್ತಿದರು. ಆಮೇಲೆ ಉದ್ದನೆಯ ಹಿಡಿಕೆ ತೊಡಿಸಿ, ಎಳೆಯದೆ, ತೂಕವನ್ನು ಅದರ ಮೇಲೆ ಬಿಟ್ಟರು. ಏನೂ ಆಗಲಿಲ್ಲ. ಮತ್ತೆ ಎಣ್ಣೆ, ಮತ್ತೆ ಸುತ್ತಿಗೆ. ನಾಲ್ಕನೆಯ ಸಲ ‘ಕಟ್’ ಎಂದಿತು. ಮುರಿಯಿತೆಂದೇ ನಮ್ಮೆದೆ ಧಸಕ್ಕೆಂದಿತು. ಮೇಸ್ತ್ರಿಗಳು ನಕ್ಕರು. ಕಾಲು ಸುತ್ತು ಬಿಚ್ಚಿ, ಅರ್ಧದಷ್ಟು ಮರಳಿ ಬಿಗಿದು, ಹೀಗೆ ಹಿಂದೆ ಮುಂದೆ ಆಡಿಸುತ್ತ ಹತ್ತು ನಿಮಿಷದಲ್ಲಿ ಹೊರತೆಗೆದರು. ಕಪ್ಪು ಎಣ್ಣೆ ಡಬ್ಬಿಗೆ ಧಾರೆಯಾಗಿ ಇಳಿಯಿತು. ತೊಟ್ಟಿಯ ಆಟೆಗಳಿಗೆ ಕುಂದಾಗಿರಲಿಲ್ಲ.

ಪಕ್ಕದ ಲೇಥಿನವರು ಅದೇ ಆಟೆಯ ಹೊಸ ಬಿರಡೆ ಕಡೆದುಕೊಟ್ಟರು. ತಾಮ್ರದ ವಾಷರ್ ಹೊಸದು. ಸಿಗದ ಊರಿನಲ್ಲಿ ಹಳೆಯದನ್ನೇ ಕೆಂಪಗೆ ಕಾಯಿಸಿ ನೀರಿಗದ್ದಿದರೆ ಮತ್ತೆ ಮೆತ್ತಗಾಗುವುದೆಂದು ಮೇಸ್ತ್ರಿಗಳು ತಿಳಿಸಿದರು. ಗೇರ್ ಬಾಕ್ಸಿನ ಎಣ್ಣೆಯನ್ನೂ ಬದಲಿಸೋಣವೆಂದಾಗ, ತುಂಬುವ ಬಿರಡೆ ಬಿಚ್ಚುವುದನ್ನು ಖಚಿತಪಡಿಸಿಕೊಂಡೇ ಕೆಳಗಿನದಕ್ಕೆ ಕೈಹಾಕಿದರು. ಅದು ಬಿಚ್ಚದೆ ಎಣ್ಣೆ ಇಳಿಸಿದವರ ಗಾಡಿ ಅಲ್ಲಿಯೇ ನಿಲ್ಲುತ್ತದೆ. ಹಳೆಯ ಎಣ್ಣೆಯನ್ನು ಚರಂಡಿಗೆ ಚೆಲ್ಲದೆ ಪೀಪಾಯಿಗೆ ಸುರಿದದ್ದನ್ನೂ ಗಮನಿಸಿದೆವು.

ಸಂಜೆ ಕಾರು ಮನೆ ಸೇರಿತು. ತಾಯಿಯವರು ಮಾತಾಡಲಿಲ್ಲ, ಹಳೆಯ ದಿನಪತ್ರಿಕೆ ತಂದು ಎಂಜಿನ್ನಿನ ಕೆಳಗೆ ತಾವೇ ಹಾಸಿದರು. ಬೆಳಿಗ್ಗೆ ನಾವು ಏಳುವ ಮೊದಲೇ ಅದನ್ನು ತೆಗೆದು ನೋಡಿ, ಒಂದು ಹನಿಯೂ ಬಿದ್ದಿಲ್ಲವೆಂದು ಪುಣೆಗೆ ಫೋನು ಮಾಡಿಸಿದರು.