ಮೀನಿಗೂ ಚಳಿಯೇ?

ನೀರಿನಲ್ಲಿಯೇ ಹುಟ್ಟಿ ಬೆಳೆಯುವ ಮೀನಿಗೆ ಚಳಿಯೆಂದರೇನು ಎಂದು ನಗುವವರೇ ಹೆಚ್ಚು. ಆದರೆ ಮೀನಿಗೆ ತನ್ನದೆಂಬ ಮೈಬಿಸಿಯಿಲ್ಲ. ನೀರು ಎಷ್ಟು ತಣ್ಣಗೋ ಅದೂ ಅಷ್ಟೇ ತಣ್ಣಗೆ. ನಮ್ಮ ಹಿತ್ತಲಿನ ಹೌದಿನಲ್ಲಿರುವ ಗಪ್ಪಿ ಮೀನುಗಳ ತವರು ಟ್ರಿನಿಡಾಡ್, ವೆನೆಜುವೆಲಾಗಳ ಬೆಚ್ಚನೆಯ ಹಳ್ಳಗಳು. ಸೊಳ್ಳೆಯ ಮರಿಗಳನ್ನು ತಿನ್ನಲೆಂದು 1908ರಲ್ಲಿ ಅವನ್ನು ಭಾರತಕ್ಕೆ ತಂದರು. ಕೆಲಸಕ್ಕೆಂದು ಕರೆತಂದ ಅತಿಥಿಯ ಯೋಗಕ್ಷೇಮವನ್ನು ನೋಡಿಕೊಳ್ಳಬೇಡವೇ?

ಅಥಣಿ ಸೀಮೆಯ ನಮ್ಮ ಅನಂತಪುರದಲ್ಲಿ ಪುಷ್ಯಮಾಸದ ಹಗಲು ಬೆವರಿಳಿಸಿದರೂ ಇರುಳು ನಡುಗಿಸುತ್ತದೆ. ನೆಲ ಹಗಲೆಲ್ಲ ಕೂಡಿಸಿಟ್ಟ ಬಿಸಿಯನ್ನು ಮೋಡವಿಲ್ಲದ ಆಕಾಶವು ಬೆಳಗಾಗುವುದರೊಳಗೆ ಸೂರೆಗೊಂಡುಬಿಡುತ್ತದೆ. ನೀರಿನ ಉಷ್ಣತೆ 20 ಡಿಗ್ರಿಗಿಂತ ಕೆಳಗಿಳಿದರೆ ಗಪ್ಪಿ ಮಂಕಾಗುತ್ತದೆ. 15ರ ಸಮೀಪಕ್ಕೆ ಬಂದರೆ ಜೀವಕ್ಕೇ ಸಂಚಕಾರ. ವಿದ್ಯುತ್ತಿನ ಹೀಟರು ಪೇಟೆಯಲ್ಲಿ ದೊರೆಯುವುದುಂಟು. ಮಗಳು ಗಳಿಗೆಗೊಮ್ಮೆ ಕೈಯಾಡಿಸುವ ನೀರಿನಲ್ಲಿ ಅದನ್ನಿಡಲು ನನಗೆ ಧೈರ್ಯವಿಲ್ಲ.

ಆದ್ದರಿಂದ ನಮ್ಮದು ರೈತನ ಉಪಾಯ. ಹೊತ್ತು ಮುಳುಗುತ್ತಲೇ ಹೌದಿನ ಮೇಲೆ ಬಿದಿರ ಗಳ ಹಾಯಿಸಿ, ಕಬ್ಬಿನ ರವದಿಯನ್ನು ದಪ್ಪನಾಗಿ ಹರಡುತ್ತೇವೆ. ಉಸಿರಾಟಕ್ಕೆ ಒಂದು ಮೂಲೆ ತೆರೆದೇ ಇರಬೇಕು. ಬಿಸಿಲೇರಿದೊಡನೆ ಹೊದಿಕೆ ತೆಗೆಯಬೇಕು. ಇಲ್ಲವಾದರೆ ಹಗಲಿನ ಬಿಸಿ ಒಳಗಿಳಿಯದು. ಹೌದು ಮೂರಡಿ ಆಳವಿರುವುದೂ ಅನುಕೂಲವೇ. ಆಳದ ನೀರು ಬೇಗನೆ ಆರುವುದಿಲ್ಲ.

“ಏನಪಾ, ಮೀನಿಗೆ ಹಾಸಿಗಿ ಹಾಸಾಕತ್ತೀಯೇನ? ನಾಳೆ ಸ್ವೆಟರ್ ಹೆಣಿ ಅಂದೀ!” ಎಂದು ಅವ್ವ ಹಾಸ್ಯಮಾಡಿದಳು. ಬಾವಿಯ ನೀರಿನ ಉಪಾಯವನ್ನು ಹೇಳಿಕೊಟ್ಟವಳೂ ಅವಳೇ. ಚಳಿಗಾಲದ ಮುಂಜಾನೆ ಬಾವಿಯ ನೀರು ಹಬೆಯಾಡುವುದನ್ನು ಯಾರು ಕಂಡಿಲ್ಲ? ನೆಲದಾಳದ ಉಷ್ಣತೆ ವರ್ಷವಿಡೀ ಹೆಚ್ಚುಕಡಿಮೆ ಒಂದೇ. ಆ ನೀರನ್ನು ಎರಡು ಕೊಡ, ಎತ್ತರದಿಂದ ಸಣ್ಣ ಧಾರೆಯಾಗಿ ಸುರಿದರೆ ಗಾಳಿಯೂ ಬೆರೆಯುತ್ತದೆ. ಒಮ್ಮೆಲೇ ಹೌದು ತುಂಬುವ ಅವಸರ ಸಲ್ಲದು. ಹಠಾತ್ತಾದ ಬದಲಾವಣೆಯನ್ನು ಮೀನು ತಾಳದು.

ಕಳೆದ ಚಳಿಗಾಲದ ಒಂದು ಇರುಳು ಅಂಗಳದ ಥರ್ಮಾಮೀಟರು 11ಕ್ಕೆ ಇಳಿದಿತ್ತು. ತುಂಬು ಬಸುರಿ ಮೀನೊಂದಿತ್ತು ಹೌದಿನಲ್ಲಿ. ಗಪ್ಪಿ ಮೊಟ್ಟೆಯಿಡದೆ ಮರಿಯನ್ನೇ ಹಾಕುವ ಜಾತಿ. ಮಗಳಿಗೆ ನಿದ್ರೆಯಿಲ್ಲ, ಅವಳಿಂದಾಗಿ ನನಗೂ ಇಲ್ಲ. ಬೆಳಗಿನ ಜಾವ ರವದಿ ಸರಿಸಿ ನೋಡಿದರೆ ನೀರು 19ರಲ್ಲಿ ನಿಂತಿತ್ತು. ಮೀನುಗಳೆಲ್ಲ ತಳದಲ್ಲಿ ಗುಂಪುಗೂಡಿದ್ದವು. ಮಗಳು ಕಾಳು ಹಾಕಹೋದಳು, ತಡೆದೆ. ಚಳಿಯಲ್ಲಿ ಅವಕ್ಕೆ ಜೀರ್ಣವಾಗದು, ಉಳಿದದ್ದು ಕೊಳೆತು ನೀರು ಕೆಡುತ್ತದೆ.

ನಾಲ್ಕನೆಯ ದಿನ ಮರಿಗಳು ಕಂಡವು, ಎಣಿಕೆಗೆ ಸಿಕ್ಕವು ಇಪ್ಪತ್ತಮೂರು. ಕೇಳಿದ ನೆರೆಹೊರೆಯವರಿಗೆಲ್ಲ ಕೊಟ್ಟೆವು, ಒಂದೇ ಕರಾರಿನ ಮೇಲೆ: ಹೌದು, ತೊಟ್ಟಿಗಳಲ್ಲಿಯೇ ಸಾಕಬೇಕು. ಊರ ಕೆರೆಗೆ ಬಿಟ್ಟರೆ ಅಲ್ಲಿಯ ನಾಡಮೀನುಗಳ ಅನ್ನಕ್ಕೆ ಇವು ಕೈಹಾಕುತ್ತವೆ.