ಮೈಸೂರು ಹಾದಿಯ ಹದಿನಾರು ನಿಮಿಷ

ಕೆಂಗೇರಿಯ ಗದ್ದಲವನ್ನು ಹಿಂದಿಕ್ಕಿ ಕುಂಬಳಗೋಡನ್ನು ದಾಟಿದ ಮೇಲೆ ಮೈಸೂರಿನ ಹೆದ್ದಾರಿ ತನ್ನ ನಿಜರೂಪವನ್ನು ತೋರುತ್ತದೆ. ಹೋಗುವುದಕ್ಕೆ ಮೂರು ಸಾಲು, ಬರುವುದಕ್ಕೆ ಮೂರು ಸಾಲು. ಕಣ್ಣು ಹರಿಯುವಷ್ಟು ದೂರ ಅಡ್ಡಿಯಿಲ್ಲದ ದಾರಿ. ಹಳೆಯ ರಸ್ತೆ ಹೀಗಿರಲಿಲ್ಲ. ಅದು ಊರೂರಿನ ನಡುವೆಯೇ ನುಗ್ಗಿ ಸಾಗುತ್ತಿತ್ತು. ಬಿಡದಿಯ ತಟ್ಟೆ ಇಡ್ಲಿ, ಚನ್ನಪಟ್ಟಣದ ಅರಗಿನ ಬಣ್ಣದ ಬೊಂಬೆ, ಮದ್ದೂರಿನ ವಡೆ, ಇವುಗಳಲ್ಲಿ ಒಂದಕ್ಕಾದರೂ ಸೋಲದೆ ಮೈಸೂರು ತಲಪಿದವರು ವಿರಳ. ಹೊಸ ಮಾರ್ಗವು ಆ ಊರುಗಳನ್ನು ದೂರದಿಂದಲೇ ಬಳಸಿ ಹೋಗುತ್ತದೆ. ರಾಮನಗರದ ಬಂಡೆಬೆಟ್ಟಗಳು ಮಾತ್ರ ಮೊದಲಿನಂತೆಯೇ ಜೊತೆಗೂಡುತ್ತವೆ. ಅರ್ಕಾವತಿ, ಶಿಂಷಾ, ಕಾವೇರಿ ಎಂಬ ಮೂರು ಹೊಳೆಗಳನ್ನು ಮೊದಲಿನ ಕ್ರಮದಲ್ಲಿಯೇ ದಾಟಬೇಕಾಗುತ್ತದೆ.

ಸುಮಾರು 118 ಕಿಲೋಮೀಟರ್ ಉದ್ದದ ಈ ಹೆದ್ದಾರಿಯನ್ನು 2023ರ ಮಾರ್ಚ್ 12ರಂದು ಪ್ರಧಾನ ಮಂತ್ರಿಗಳು ಮಂಡ್ಯದಲ್ಲಿ ಉದ್ಘಾಟಿಸಿದಾಗ, ಮೂರು ಗಂಟೆಯ ಪಯಣ ಒಂದೂಕಾಲು ಗಂಟೆಗೆ ಇಳಿಯಿತೆಂಬ ಮಾತೇ ಎಲ್ಲರ ಬಾಯಲ್ಲಿ. ಸಂಭ್ರಮ ಬಹುಕಾಲ ಬಾಳಲಿಲ್ಲ. ಆ ವರ್ಷದ ಮೊದಲ ಆರು ತಿಂಗಳಲ್ಲಿಯೇ ನೂರಕ್ಕೂ ಮಿಕ್ಕಿದ ಜನ ಈ ದಾರಿಯಲ್ಲಿ ಪ್ರಾಣ ಕಳೆದುಕೊಂಡರು. ರಸ್ತೆ ಹೊಸದಾಗಿತ್ತು, ಅದರ ಮೇಲೆ ನಡೆಯುವವರ ರೂಢಿ ಹಳೆಯದಾಗಿತ್ತು. ಮನೆ ಈಚೆ, ಹೊಲ ಆಚೆ ಇದ್ದ ಒಕ್ಕಲಿಗನು ಬೇಲಿಯ ಸಂದಿಯಲ್ಲಿ ನುಸುಳಿ ಆರು ಸಾಲುಗಳನ್ನು ದಾಟಬೇಕಿತ್ತು. ಕಬ್ಬು ಹೇರಿದ ಟ್ರ್ಯಾಕ್ಟರು, ಹಾಲಿನ ಕ್ಯಾನು ಕಟ್ಟಿದ ಮೋಟಾರ್ ಸೈಕಲ್ಲು, ನಗರದಿಂದ ಬಾಣದಂತೆ ಬರುವ ಕಾರು, ಎಲ್ಲಕ್ಕೂ ಒಂದೇ ಹಾದಿ. ಬೆಟ್ಟದ ಚಿತ್ರ ತೆಗೆಯಲೆಂದು ವಾಹನವನ್ನು ನಡುದಾರಿಯ ಅಂಚಿನಲ್ಲಿ ನಿಲ್ಲಿಸಿ ಇಳಿಯುವ ರಸಿಕರೂ ಇದ್ದರು!

ವೇಗದ ಲೆಕ್ಕ ಬಹು ವಿಚಿತ್ರವಾದುದು. ಇಲ್ಲಿ ಕಾರುಗಳಿಗೆ ಗೊತ್ತುಮಾಡಿದ ಮಿತಿ ಗಂಟೆಗೆ 100 ಕಿಲೋಮೀಟರ್. ಆ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ 28 ಮೀಟರ್ ಕ್ರಮಿಸುತ್ತದೆ. ಚಾಲಕನ ಕಾಲು ಬ್ರೇಕನ್ನು ಮುಟ್ಟುವುದರೊಳಗೆ ಅಷ್ಟು ನೆಲ ಹಿಂದೆ ಸರಿದಿರುತ್ತದೆ. ಮಿತಿಯನ್ನು ಮೀರಿ 130ರಲ್ಲಿ ಓಡಿಸಿದವನು ಮೈಸೂರನ್ನು ಎಷ್ಟು ಬೇಗ ಸೇರಿಯಾನು? ಇಡೀ ದಾರಿಗೆ ಹದಿನಾರು ನಿಮಿಷ. ಮದ್ದೂರಿನಲ್ಲಿ ಒಂದು ವಡೆ ತಿಂದು ಕಾಫಿ ಕುಡಿಯುವಷ್ಟು ಹೊತ್ತು. ಆದರೆ ವೇಗ ಮೂವತ್ತು ಪಾಲು ಏರಿದರೆ ಡಿಕ್ಕಿಯ ಶಕ್ತಿ ಹೆಚ್ಚುಕಡಿಮೆ ಎಪ್ಪತ್ತು ಪಾಲು ಏರುತ್ತದೆ. ಈ ವ್ಯಾಪಾರದಲ್ಲಿ ಲಾಭವೆಷ್ಟು, ನಷ್ಟವೆಷ್ಟು ಎಂಬುದನ್ನು ತಿಳಿಯಲು ಗಣಿತಜ್ಞನೇ ಆಗಬೇಕಿಲ್ಲ.

2023ರ ಜುಲೈಯಲ್ಲಿ ಪೊಲೀಸರು ವೇಗವನ್ನಳೆಯುವ ಯಂತ್ರಗಳನ್ನು ಹಿಡಿದು ದಾರಿಯಲ್ಲಿ ನಿಂತರು. ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳು ನಡುದಾರಿಗೆ ಬಾರದಂತೆ ನಿಷೇಧವಾಯಿತು. ಸುತ್ತಲ ಹಳ್ಳಿಗಳವರು ಗೊಣಗಿದುದರಲ್ಲಿ ತಪ್ಪಿಲ್ಲ. ಅವರ ಭೂಮಿಯಲ್ಲೇ ಹಾದ ರಸ್ತೆ ಅವರ ಬಂಡಿಗೆ ಬೇಡವಾಯಿತು. ಅವರ ಪಾಲಿಗೆ ಬಂದ ಪಕ್ಕದ ಸೇವಾರಸ್ತೆಯಾದರೋ ಆಗ ಹಲವೆಡೆ ಸೇತುವೆಗಳ ಬಳಿ ತುಂಡಾಗಿತ್ತು. ದಾಟಲು ಮೇಲುಸೇತುವೆಗಳನ್ನು ಕಟ್ಟಿಕೊಡದೆ ದಾಟಬೇಡವೆಂದು ಹೇಳುವುದು ಅರ್ಧ ನ್ಯಾಯವೇ ಸರಿ. ಆದರೂ ನೂರರ ವೇಗದ ಲಾರಿಯ ಮುಂದೆ ಹಾಲಿನ ಬೈಕನ್ನು ಬಿಡುವುದು ಯಾವ ನ್ಯಾಯಕ್ಕೂ ಒಪ್ಪುವ ಮಾತಲ್ಲ.

ಮುಂದೆ ಕ್ಯಾಮೆರಾಗಳು ಬಂದವು. ಅವು ವಾಹನದ ಸಂಖ್ಯೆಯನ್ನು ಓದಿಕೊಂಡು ಮಾಲೀಕನ ಫೋನಿಗೇ ದಂಡದ ಸುದ್ದಿಯನ್ನು ಮುಟ್ಟಿಸುತ್ತವೆ. ಕ್ಯಾಮೆರಾದ ಕಂಬ ಕಂಡೊಡನೆ ಸಾಧುವಾಗಿ, ಅದು ಮರೆಯಾದೊಡನೆ ಹಳೆಯ ಚಾಳಿಗೆ ಮರಳುವ ಚಾಲಕರಿಗೂ ಕೊರತೆಯಿಲ್ಲ. 2024ರ ಆಗಸ್ಟ್ 1ರಿಂದ 130 ಕಿಲೋಮೀಟರ್ ಮೀರಿದವರ ಮೇಲೆ ರಾಜ್ಯದಾದ್ಯಂತ ಮೊಕದ್ದಮೆಯನ್ನೇ ಹೂಡುವ ಕ್ರಮ ಜಾರಿಗೆ ಬಂತು. ಆ ವರ್ಷ ಈ ಹೆದ್ದಾರಿಯಲ್ಲಿ ಸತ್ತವರ ಸಂಖ್ಯೆ ಹಿಂದಿನ ವರ್ಷದ ಅರ್ಧವನ್ನೂ ಮುಟ್ಟಲಿಲ್ಲ. ರಸ್ತೆ ಅದೇ, ಕಾರುಗಳೂ ಅವೇ.

ಮಂಡ್ಯ ಕಳೆದು ಶ್ರೀರಂಗಪಟ್ಟಣ ಸಮೀಪಿಸುವಾಗ ಎರಡು ಪಕ್ಕಕ್ಕೂ ಗದ್ದೆಗಳು ಹಸಿರಾಗುತ್ತವೆ. ಸಂಜೆಯ ಹೊತ್ತು ಸೇವಾರಸ್ತೆಯಲ್ಲಿ ಬೈಕುಗಳ ಸಾಲು. ಹಿಂದಿನ ಸೀಟಿನಲ್ಲಿ ಮಗುವನ್ನು ಮಡಿಲಲ್ಲಿಟ್ಟುಕೊಂಡ ತಾಯಿ, ಡೈರಿಗೆ ಹೊರಟ ಹಾಲಿನ ಕ್ಯಾನುಗಳು, ಕೆಲವರ ತಲೆಯ ಮೇಲೆ ಹೆಲ್ಮೆಟ್ಟು, ಇನ್ನು ಕೆಲವರದು ಮೊಣಕೈಯಲ್ಲಿ. ಬೇಲಿಯಾಚೆ ಕಾರುಗಳು ಸೊಂಯ್ ಎಂದು ಕಾವೇರಿಯ ಸೇತುವೆಯ ಕಡೆಗೆ ಹರಿಯುತ್ತಿರುತ್ತವೆ.